ಕುರುಗೋಡಿನಲ್ಲಿ ತಡವಾಗಿ ಕೊಟ್ಟ ಪೆನಾಲ್ಟಿ

ಶನಿವಾರ ಸಂಜೆ ಏಳೂಮುಕ್ಕಾಲರ ಸುಮಾರಿಗೆ, ಬಳ್ಳಾರಿಯ ಕೌಲ್ ಬಜಾರಿನ ತನ್ನ ಮನೆಯಲ್ಲಿ ಕೂತಿದ್ದ ದುರ್ಗೇಶ್ ಟಿ.ವಿ.ಗೆ ಎರಡೂ ಕೈ ಎತ್ತಿ ಮುಗಿದ. ಬೇಡಿಕೊಳ್ಳುವುದಕ್ಕಲ್ಲ, ಸಾಕಪ್ಪಾ ನಿಮ್ಮ ಸಹವಾಸ ಎನ್ನುವುದಕ್ಕೆ.

ದುರ್ಗೇಶ್ ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ವಯಸ್ಸು ಐವತ್ತೈದು. ವಾರವೆಲ್ಲ ನೂರು ಪದರದ ಬಟ್ಟೆಯ ಮೇಲೆ ಮಶೀನು ಓಡಿಸಿ, ಶನಿವಾರ ಬೇಗ ಮನೆಗೆ ಬಂದು, ಉಗುರಿಗೆ ಅಂಟಿದ ನೀಲಿ ಹೋಗುವವರೆಗೂ ಕೈ ಉಜ್ಜಿ ತೊಳೆದು ಟಿ.ವಿ. ಮುಂದೆ ಕೂತರೆ ಅವನನ್ನು ಎಬ್ಬಿಸುವವರು ಯಾರೂ ಇಲ್ಲ. ಇಂಗ್ಲೆಂಡಿನ ಒಂದು ಫುಟ್ಬಾಲ್ ತಂಡಕ್ಕೆ ಅವನು ಇಪ್ಪತ್ತು ವರ್ಷದಿಂದ ಮನಸ್ಸು ಕೊಟ್ಟುಬಿಟ್ಟಿದ್ದ. ಆ ಊರು ಎಲ್ಲಿದೆಯೆಂದು ಅವನಿಗೂ ಸರಿಯಾಗಿ ಗೊತ್ತಿಲ್ಲ. ನೀಲಿ ಅಂಗಿ ಹಾಕುತ್ತಾರೆ, ಅಷ್ಟೇ. ಮನೆಯಲ್ಲಿ ಅವರಿಗೆ 'ನೀಲಿಯವರು' ಎಂದೇ ಹೆಸರು.

ಆ ಸಂಜೆ ನೀಲಿಯವರು ಒಂದಕ್ಕೊಂದು ಗೋಲು ಸಮ ಮಾಡಿಕೊಂಡು ಆಡುತ್ತಿದ್ದರು. ಆಟ ಮುಗಿಯಲು ಆರು ನಿಮಿಷ ಇರುವಾಗ ಅವರ ಡಿಫೆಂಡರೊಬ್ಬ ಚೆಂಡಿಗೆ ಅಡ್ಡ ಜಾರಿದ. ಜಾರುವಾಗ ಬೀಳದಂತೆ ಎಡಗೈ ನೆಲಕ್ಕೆ ಊರಿದ. ಅವನದೇ ತಂಡದವನು ಒದ್ದ ಚೆಂಡು ಹಿಂದಿನಿಂದ ಬಂದು ಆ ಕೈಗೆ ಬಡಿಯಿತು. ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ ರೆಫ್ರಿ ಏನೂ ಇಲ್ಲ, ಆಡಿರಿ ಎಂದು ಕೈ ಬೀಸಿದ. ಆಟ ಮುಂದುವರಿಯಿತು. ಒಂದು ನಿಮಿಷದ ಮೇಲೆ ಅದೇ ರೆಫ್ರಿ ಕಿವಿಗೆ ಬೆರಳಿಟ್ಟುಕೊಂಡು, ಎಲ್ಲೋ ಕೋಣೆಯಲ್ಲಿ ವಿಡಿಯೋ ನೋಡುವ ಇನ್ನೊಬ್ಬ ರೆಫ್ರಿಯ ಮಾತು ಕೇಳುತ್ತ ನಿಂತುಬಿಟ್ಟ. ಮೈದಾನದ ಅಂಚಿನ ಸಣ್ಣ ಟಿ.ವಿ.ಯ ಹತ್ತಿರ ಹೋಗಿ ಬಗ್ಗಿ ನೋಡಿದ. ಚೆಂಡು ಆಮೆಯ ಹಾಗೆ ತೆವಳುತ್ತ ಬಂದು ಕೈಗೆ ತಾಗುವುದನ್ನು ಹತ್ತು ಸಲ ತೋರಿಸಿದರು. ಪೆನಾಲ್ಟಿ. ಗೋಲು. ನೀಲಿಯವರು ಸೋತರು.

ಹೆಂಡತಿ ಜಯಶ್ರೀ ಅಡುಗೆಮನೆಯಿಂದ ಇಣುಕಿದಳು. "ಏನ್ರೀ, ಯಾಕ ಒದರ್ತೀರಿ? ಬಾಜೂ ಮನಿಯವ್ರು ನಮ್ಮಿಬ್ರಿಗೆ ಜಗಳಾ ಹತ್ತೈತಿ ಅನ್ಕಂತಾರ."

"ಕೈಗೆ ಬಡೀತಂತ! ಬೀಳಾವ ಕೈ ಎಲ್ಲಿ ಇಡಬೇಕು, ಕಿಸೇದಾಗ?"

"ಬಡಿದಿದ್ದಂತೂ ಖರೇನಲ್ಲ?"

ಆ ಮಾತಿಗೆ ಸಿಟ್ಟು ಇನ್ನೂ ಏರಿತು. ಫೋನು ತೆಗೆದು, ಹಳೆಯ ಆಟಗಾರರ ವಾಟ್ಸಾಪ್ ಗುಂಪಿಗೆ ಒಂದೇ ಉಸಿರಿನಲ್ಲಿ ಮಾತಾಡಿ ಕಳಿಸಿದ:

"ಎಲ್ಲಾರೂ ಕೇಳ್ರಪಾ. ನಿಧಾನ ಮಾಡಿ ತೋರಿಸಿದ್ರ ದೇವ್ರಿಗೆ ದೀಪಾ ಹಚ್ಚಾಕ ಹೋದವನೂ ಕಳ್ಳನಂಗ ಕಾಣ್ತಾನ. ಎಲ್ಲೋ ಕೋಣ್ಯಾಗ ಎ.ಸಿ. ಹಾಕ್ಕಂಡು ಕುಂತಾವ್ರಿಗೆ ಏನು ಗೊತ್ತಾಗ್ತೈತಿ? ಆಟ ಅನ್ನಾದು ಮೈದಾನದಾಗ ನಿಂತು ನೋಡಬೇಕು. ನಮ್ಮ ಕಾಲದಾಗ ಹುಲುಗಪ್ಪ ಸಾರ್ ಇದ್ರು. ಒಂದು ಸೀಟಿ, ಒಂದು ಮಾತು. ಮುಗೀತು. ಈಗಿನ ರೆಫ್ರಿಗಳು ರೆಫ್ರಿಗಳಲ್ಲ, ಟಿ.ವಿ. ನೋಡಾವ್ರು."

ಗುಂಪಿನಲ್ಲಿ ಇಬ್ಬರು ಹೆಬ್ಬೆರಳು ಎತ್ತಿದರು, ಒಬ್ಬ ನಗುವ ಮುಖ ಕಳಿಸಿದ. ಆಮೇಲೆ ಎರಡು ವರ್ಷದಿಂದ ಗುಂಪಿನಲ್ಲಿದ್ದೂ ಒಂದಕ್ಷರ ಬರೆಯದ ನಂಬರಿನಿಂದ ಒಂದು ಸಾಲು ಬಂತು:

"ಕೈಗೆ ಬಡಿದದ್ದನ್ನ ಎದಿಗೆ ಬಡೀತು ಅಂತ ಬಸವಣ್ಣನ ಮುಂದ ಆಣಿ ಮಾಡಿದವ್ರು ರೆಫ್ರಿಗಳ ಬಗ್ಗೆ ಮಾತಾಡಬಾರ್ದು. ವಾಲ್ಮೀಕಿ, ಸಿರುಗುಪ್ಪ."

ದುರ್ಗೇಶ್ ಆ ಸಾಲನ್ನು ಮತ್ತೆ ಮತ್ತೆ ಓದಿದ. ಜಯಶ್ರೀ ಊಟಕ್ಕೆ ಕರೆದಾಗ, ಹಸಿವಿಲ್ಲ ಎಂದ.

ವಾಲ್ಮೀಕಿ ರಾರಾವಿಯ ಹುಡುಗ. ಸಿರುಗುಪ್ಪದಲ್ಲಿ ಹೈಸ್ಕೂಲು ಮುಗಿಸಿ ಬಳ್ಳಾರಿಗೆ ಕಾಲೇಜಿಗೆ ಬಂದು, ಹಾಸ್ಟೆಲಿನಲ್ಲಿ ದುರ್ಗೇಶನ ಕೋಣೆಗೇ ಸೇರಿದ್ದ. ಕೋಟೆ ಗುಡ್ಡದ ಹಿಂದೆ ಸೂರ್ಯ ಇಳಿಯುವವರೆಗೂ ಮುನ್ಸಿಪಲ್ ಮೈದಾನದಲ್ಲಿ ಇಬ್ಬರೂ ಚೆಂಡಿನ ಹಿಂದೆ ಇರುತ್ತಿದ್ದರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಬೂಟು. ವಾಲ್ಮೀಕಿ ಎಡಗಾಲಿನವನು, ದುರ್ಗೇಶ್ ಬಲಗಾಲಿನವನು. ಹೀಗಾಗಿ ಎಡಬೂಟು ಅವನಿಗೆ, ಬಲಬೂಟು ಇವನಿಗೆ. ಇನ್ನೊಂದು ಕಾಲು ಬರಿಗಾಲು. ನೋಡಿದವರು ನಗುತ್ತಿದ್ದರು. ಆದರೆ ವಾಲ್ಮೀಕಿ ಎಡ ಅಂಚಿನಲ್ಲಿ ಚೆಂಡು ಹಿಡಿದು ಓಡತೊಡಗಿದರೆ ನಗುತ್ತಿದ್ದವರ ಬಾಯಿ ಹಾಗೇ ತೆರೆದುಕೊಂಡಿರುತ್ತಿತ್ತು. ಸಂಜೆ ಆಟ ಮುಗಿದ ಮೇಲೆ ಮೋತಿ ಸರ್ಕಲ್ಲಿನ ತಳ್ಳುಗಾಡಿಯಲ್ಲಿ ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ನಾಲ್ಕು ಮಿರ್ಚಿ. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೇ ಇಬ್ಬರೂ ಆ ದಿನದ ಒಂದೊಂದು ಪಾಸನ್ನೂ ಮತ್ತೆ ಆಡುತ್ತಿದ್ದರು.

ಕಾಲೇಜು ಮುಗಿಯಿತು. ವಾಲ್ಮೀಕಿ ಸಿರುಗುಪ್ಪ ತಂಡಕ್ಕೆ ಆಡತೊಡಗಿದ, ದುರ್ಗೇಶ್ ಕೌಲ್ ಬಜಾರಿಗೆ. ತೊಂಬತ್ತೊಂದರ ಬೇಸಿಗೆಯಲ್ಲಿ ಕುರುಗೋಡಿನ ಯುವಕ ಸಂಘದವರು ಏರ್ಪಡಿಸಿದ್ದ ಪಂದ್ಯಾವಳಿಯ ಫೈನಲ್ಲಿನಲ್ಲಿ ಎರಡೂ ತಂಡಗಳು ಎದುರುಬದುರಾದವು. ರೆಫ್ರಿ ಕುರುಗೋಡಿನ ಪಿ.ಟಿ. ಮೇಷ್ಟ್ರು ಹುಲುಗಪ್ಪ. ಕೌಲ್ ಬಜಾರ್ ಒಂದು ಗೋಲು ಮುಂದಿತ್ತು. ಕೊನೆಯ ನಿಮಿಷದಲ್ಲಿ ವಾಲ್ಮೀಕಿ ಮೂವರನ್ನು ದಾಟಿಕೊಂಡು ಬಂದ. ಗೋಲ್‌ಕೀಪರ್ ಅಂಜಿನಿ ಮುಂದೆ ಹಾರಿ ನೆಲಕ್ಕೆ ಬಿದ್ದ. ಗೋಲಿನ ಬಾಯಲ್ಲಿ ಉಳಿದವನು ದುರ್ಗೇಶ್ ಒಬ್ಬನೇ. ಎರಡು ಮಾರು ದೂರದಿಂದ ವಾಲ್ಮೀಕಿ ಒದ್ದ ಚೆಂಡು ದುರ್ಗೇಶನಿಗೆ ಬಡಿದು ಆಚೆ ಹೋಯಿತು.

"ಹ್ಯಾಂಡ್!" ಎಂದು ಇಡೀ ಸಿರುಗುಪ್ಪ ಕೂಗಿತು. ಹುಲುಗಪ್ಪ ಮೇಷ್ಟ್ರು ತಲೆ ಅಲ್ಲಾಡಿಸಿದರು. ಸೀಟಿ ಊದಲಿಲ್ಲ. ಅದನ್ನು ಊದಿದ್ದು ಆಟ ಮುಗಿದಾಗಲೇ.

ಕಪ್ಪು ಕೊಡುವ ಹೊತ್ತಿಗೆ ವಾಲ್ಮೀಕಿ ಬಂದು ದುರ್ಗೇಶನ ತೋಳು ಹಿಡಿದು ಬಸವೇಶ್ವರ ಗುಡಿಗೆ ಕರೆದುಕೊಂಡು ಹೋದ. ಕಲ್ಲಿನ ದೊಡ್ಡ ಬಸವಣ್ಣನ ಮುಂದೆ ನಿಲ್ಲಿಸಿ ಕೇಳಿದ: "ಕಪ್ಪು ನೀವೇ ಇಟ್ಕಳ್ರಿ. ನನಗ ಒಂದೇ ಹೇಳು. ಎಲ್ಲಿಗೆ ಬಡೀತು?"

ದುರ್ಗೇಶನ ಎಡ ಮುಂಗೈ ಆಗಿನ್ನೂ ಉರಿಯುತ್ತಿತ್ತು. ಹೊರಗೆ ಕೌಲ್ ಬಜಾರಿನ ಹುಡುಗರು ಹಲಗಿ ಬಾರಿಸುತ್ತಿದ್ದರು. ಅವನು ಬಸವಣ್ಣನನ್ನು ಮುಟ್ಟಿ, "ಎದಿಗೆ," ಎಂದ.

"ಆತು," ಎಂದ ವಾಲ್ಮೀಕಿ. ಸಿರುಗುಪ್ಪದ ಬಸ್ಸು ಹತ್ತಿ ಹೋದ. ಆಮೇಲೆ ಇಬ್ಬರೂ ಮಾತಾಡಿಲ್ಲ.

ಐದು ವರ್ಷದ ಮೇಲೆ ವಾಲ್ಮೀಕಿಗೆ ಲಾರಿ ಹೊಡೆದು ಎಡಗಾಲು ನುಚ್ಚಾಯಿತೆಂಬ ಸುದ್ದಿ ಬಂದಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲೇ ಮೂರು ತಿಂಗಳು ಇದ್ದ. ಕೌಲ್ ಬಜಾರಿನಿಂದ ಎಷ್ಟು ದೂರ, ಸೈಕಲ್ಲಿನಲ್ಲಿ ಹತ್ತು ನಿಮಿಷ. ದುರ್ಗೇಶ್ ಒಂದು ದಿನ ಅರ್ಧ ದಾರಿಯವರೆಗೂ ಹೋಗಿದ್ದ. ಯಾವ ಮುಖ ಇಟ್ಟುಕೊಂಡು ಎದುರು ನಿಲ್ಲುವುದು ಎಂದು ಸೈಕಲ್ ತಿರುಗಿಸಿಬಿಟ್ಟ. ಎದೆಗೆ ಬಡಿಯಿತು ಎಂಬ ಮಾತನ್ನು ಮಾತ್ರ ವರ್ಷಾನುಗಟ್ಟಲೆ ಅಲ್ಲಲ್ಲಿ ಹೇಳುತ್ತ ಬಂದ. ಹೇಳಿ ಹೇಳಿ ಅರ್ಧ ನಂಬಿಯೂ ಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಫೋನು ಬಂತು. ಹುಲುಗಪ್ಪ ಮೇಷ್ಟ್ರು. ಎಂಬತ್ತರ ಹತ್ತಿರ ಬಂದಿದ್ದರೂ ದನಿ ಮೈದಾನದ್ದೇ.

"ದುರ್ಗೇಶಾ, ಗುಂಪಿನಾಗ ನಿಮ್ಮಿಬ್ರ ಮಾತು ಕೇಳಿದೆ. ಇವತ್ತ ಕುರುಗೋಡಿಗೆ ಬಾ. ವಾಲ್ಮೀಕಿಗೂ ಹೇಳೀನಿ. ಆ ಮ್ಯಾಚಿಂದು ವಿಡಿಯೋ ಐತಿ ನನ್ನತ್ರ."

"ವಿಡಿಯೋ? ಆ ಕಾಲದಾಗ ಎಲ್ಲಿ ವಿಡಿಯೋ ಸಾರ್?"

"ಸಿರುಗುಪ್ಪದ ಲಗ್ನದ ವಿಡಿಯೋದಾವ ಬಂದಿದ್ದನಲ್ಲೋ, ರೈಸ್‌ಮಿಲ್ ಸಾಹುಕಾರ್ರು ಕಪ್ಪು ಕೊಡಾದು ತೆಗೆಯಾಕ. ಪೂರಾ ಮ್ಯಾಚು ತೆಗೆದಾನ. ಅವನ ಸ್ಟುಡಿಯೋ ಮುಚ್ಚಾಗ ಹಳೇ ಕ್ಯಾಸೆಟ್ಟೆಲ್ಲಾ ಪೆನ್‌ಡ್ರೈವಿಗೆ ಇಳಿಸಿ, ಗುರ್ತು ಇದ್ದಾವ್ರಿಗೆ ಕೊಟ್ರು. ಎಂಟು ತಿಂಗಳಾತು. ನಾ ಒಬ್ನೇ ನೋಡಿ ಇಟ್ಟೀನಿ. ನೀವಿಬ್ರೂ ಕೂಡಿ ಬಂದ್ರ ಹಾಕೋಣಂತಿದ್ದೆ."

ದುರ್ಗೇಶ್ ಹನ್ನೊಂದು ಗಂಟೆಯ ಬಸ್ಸಿಗೆ ಹೊರಟ. ಹೊಲಗಳಲ್ಲಿ ಕೆಂಪು ಮೆಣಸಿನಕಾಯಿ ಒಣ ಹಾಕಿದ್ದರು. ಕಿಟಕಿಯಿಂದ ಅದರ ಘಾಟು ಒಳಗೆ ಬಂದು ಬಸ್ಸಿನಲ್ಲಿ ಎಲ್ಲರೂ ಸೀನುತ್ತಿದ್ದರು. ಆ ಫೈನಲ್ಲಿಗೆ ಇದೇ ರಸ್ತೆಯಲ್ಲಿ ಹನ್ನೊಂದು ಜನ ಒಂದು ಟೆಂಪೋದಲ್ಲಿ ಹಾಡುತ್ತ ಹೋಗಿದ್ದರು. ಅಂಜಿನಿ ದಾರಿಯುದ್ದಕ್ಕೂ ಕಪ್ಪು ಎಲ್ಲಿ ಇಡಬೇಕೆಂದು ಲೆಕ್ಕ ಹಾಕುತ್ತಿದ್ದ. ಅಂಜಿನಿ ಕೊರೊನಾ ವರ್ಷದಲ್ಲಿ ಹೋದ. ಟೆಂಪೋ ಓಡಿಸಿದವನು ಎಲ್ಲಿದ್ದಾನೋ. ದುರ್ಗೇಶ್ ಕಣ್ಣು ಒರೆಸಿಕೊಂಡ. ಪಕ್ಕದವನು ಮೆಣಸಿನಕಾಯಿ ಘಾಟು ಎಂದುಕೊಂಡಿರಬೇಕು, ಕಿಟಕಿ ಎಳೆದ.

ಮೇಷ್ಟ್ರ ಮನೆಯ ಕಟ್ಟೆಯ ಮೇಲೆ ವಾಲ್ಮೀಕಿ ಆಗಲೇ ಬಂದು ಕೂತಿದ್ದ. ತಲೆ ಪೂರ್ತಿ ಬೆಳ್ಳಗೆ. ಎಡಗಾಲು ಮಡಿಸಲು ಬಾರದೆ ಮುಂದಕ್ಕೆ ಚಾಚಿಕೊಂಡಿತ್ತು, ಪಕ್ಕದಲ್ಲಿ ಕೋಲು. ಜೊತೆಗೆ ಹೆಂಡತಿ ಸರೋಜಾ. ದುರ್ಗೇಶನನ್ನು ನೋಡಿ ಅವನು ಮುಖ ತಿರುಗಿಸಲೂ ಇಲ್ಲ, ನಗಲೂ ಇಲ್ಲ.

"ದಪ್ಪ ಆಗೀಯಲ್ಲಲೇ," ಎಂದ.

"ಕುಂತ್ರ ಆಗ್ತೈತಿ," ಎಂದ ದುರ್ಗೇಶ್. ಆಮೇಲೆ ಸರೋಜಾಳ ಕಡೆ ತಿರುಗಿ, "ಅರಾಮ ಅದೀಯೇನವ್ವಾ ತಂಗೀ?" ಎಂದ.

"ಅರಾಮ ಅದೀನಣ್ಣಾ. ಇಪ್ಪತ್ತೈದು ವರ್ಷದಿಂದ ನಿಮ್ಮ ಹೆಸ್ರು ಕೇಳೀನಿ, ಮಕಾ ಇವತ್ತ ನೋಡಿದೆ," ಎಂದಳು. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ದುರ್ಗೇಶನಿಗೆ ಗೊತ್ತಾಗಲಿಲ್ಲ.

ಒಳಗೆ ಮೇಷ್ಟ್ರು ಟಿ.ವಿ.ಗೆ ಪೆನ್‌ಡ್ರೈವ್ ಸಿಕ್ಕಿಸಿ ತಯಾರಾಗಿದ್ದರು. ಪರದೆಯ ಮೇಲೆ ಮೊದಲು ಗುಲಾಬಿ ಹೂಗಳು ಉದುರಿದವು, ಹಿಂದೆ ಲಗ್ನದ ಸನಾದಿ. ಲಗ್ನದ ವಿಡಿಯೋದವನಿಗೆ ಬೇರೆ ಗೊತ್ತಿರಲಿಲ್ಲ. ಫುಟ್ಬಾಲಿಗೂ ಅದೇ ಸಂಗೀತ ಹಾಕಿಬಿಟ್ಟಿದ್ದ. ಸರೋಜಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸಾಹುಕಾರರು, ಹಾರ, ಪೆಟ್ಟಿಗೆಯಂಥ ಮೈಕು, ಮರದ ಮೇಲೆ ಹತ್ತಿ ಕೂತ ಜನ. ಆಮೇಲೆ ಆಟಗಾರರು ಸಾಲಾಗಿ ನಿಂತರು. ಎಲ್ಲರೂ ಕಡ್ಡಿಯಂಥ ಹುಡುಗರು.

"ಅಂಜಿನಿ," ಎಂದ ದುರ್ಗೇಶ್.

"ಹ್ಞೂಂ. ಟೋಪಿ ನೋಡು ಅವಂದು," ಎಂದ ವಾಲ್ಮೀಕಿ. ಅಂಜಿನಿ ಚೌಕಟ್ಟಿನಿಂದ ಆಚೆ ಸರಿಯುವವರೆಗೂ ಇಬ್ಬರೂ ಅವನನ್ನೇ ನೋಡಿದರು.

ಆಟ ಶುರುವಾಯಿತು. ಎಡ ಅಂಚಿನಲ್ಲಿ ಒಬ್ಬ ಹುಡುಗ ಚೆಂಡು ತೆಗೆದುಕೊಂಡು ಓಡಿದ. ಇಬ್ಬರು ಅಡ್ಡ ಬಂದರು. ಅವನು ಅವರ ನಡುವೆ ನೀರು ನುಸುಳಿದಂತೆ ನುಸುಳಿ, ಮೈ ಒಂದಿಷ್ಟು ಎಡಕ್ಕೆ ವಾಲಿಸಿ ಮುಂದಕ್ಕೆ ಹಾರಿದ.

ಸರೋಜಾ ಟಿ.ವಿ.ಯ ಹತ್ತಿರಕ್ಕೆ ಸರಿದಳು. "ಇದು ಯಾರ್ರೀ?"

ಪರದೆಯ ಮೇಲೆ ಹುಡುಗ ಇನ್ನೊಮ್ಮೆ ಎಡಕ್ಕೆ ವಾಲಿದ.

"ನೀವಾ?" ಎಂದಳು ಗಂಡನ ಕಡೆ ತಿರುಗಿ. ಲಾರಿ ಹೊಡೆದ ಎರಡು ವರ್ಷದ ಮೇಲೆ ಆದ ಮದುವೆ ಅವರದು. ಆ ಕಾಲು ಓಡಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ವಾಲ್ಮೀಕಿ ಟಿ.ವಿ.ಯನ್ನೇ ನೋಡುತ್ತಿದ್ದ. ಚಾಚಿದ ಕಾಲಿನ ಹೆಬ್ಬೆರಳು ಒಂದಿಷ್ಟು ಅಲುಗಾಡುತ್ತಿತ್ತು.

ಕೊನೆಯ ನಿಮಿಷ ಬಂತು. ವಾಲ್ಮೀಕಿ ಬಂದ, ಅಂಜಿನಿ ಬಿದ್ದ, ಚೆಂಡು ಹಾರಿತು. ಗೋಲಿನ ಬಾಯಲ್ಲಿದ್ದ ಹುಡುಗ ಮುಖಕ್ಕೆ ಕೈ ಅಡ್ಡ ಹಿಡಿದ. ಚೆಂಡು ಮುಂಗೈಗೆ ಬಡಿದು ಹೊರಗೆ ಹೋಯಿತು. ಸಂಶಯಕ್ಕೆ ಜಾಗವೇ ಇರಲಿಲ್ಲ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. "ಕೈಗೇ ಬಡೀತು. ಅದು ನನಗ ಅವತ್ತೇ ಕಂಡಿತ್ತು," ಎಂದರು.

ಇಬ್ಬರೂ ಅವರತ್ತ ತಿರುಗಿದರು. "ಕಂಡಿತ್ತಾ ಸಾರ್?" ಎಂದ ವಾಲ್ಮೀಕಿ. "ಮತ್ತ ಯಾಕ ಕೊಡ್ಲಿಲ್ಲ?"

"ಅವತ್ತಿನ ರೂಲು ಏನಿತ್ತು? ಬೇಕಂತ ಕೈ ಹಾಕಿದ್ರ ಫೌಲು. ತಾನಾಗಿ ಬಂದು ಬಡಿದ್ರ ಅಲ್ಲ. ನೀ ಒದ್ದಿದ್ದು ಎರಡು ಮಾರಿನಾಗಿಂದ. ಅವ ಮಕಾ ಉಳಿಸ್ಕಣಾಕ ಕೈ ಎತ್ತಿದಾ ಅಂತ ನಾ ತಿಳ್ದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ರೆಫ್ರಿ ಕಾರಣಾ ಹೇಳ್ಕಂತ ತಿರುಗಬಾರ್ದು. ಇವತ್ತು ಕೇಳಿದ್ರೂ ನಾ ಅದನ್ನೇ ಹೇಳಾವ."

ದುರ್ಗೇಶನಿಗೆ ಒಂದು ಕ್ಷಣ ಎದೆ ಹಗುರವಾಯಿತು. ನಿನ್ನೆಯಿಂದ ಅವನು ಕೂಗಾಡಿದ್ದೂ ಇದನ್ನೇ ಅಲ್ಲವೇ? ಹತ್ತಿರ ನಿಂತ ಮನುಷ್ಯನ ಕಣ್ಣು, ಮನುಷ್ಯನ ತೀರ್ಮಾನ. ಈ ಮಾತು ಹಿಡಿದುಕೊಂಡು ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು.

"ನಿಧಾನ ಮಾಡಿ ಹಾಕ್ರಿ ಸಾರ್," ಎಂದ ವಾಲ್ಮೀಕಿ.

ಮೇಷ್ಟ್ರು ರಿಮೋಟಿನ ಗುಂಡಿ ಹುಡುಕಿ ಒತ್ತಿದರು. ಚೆಂಡು ತೆವಳುತ್ತ ಬಂತು. ಹುಡುಗನ ಕೈ ಮೊದಲು ಮುಖದ ಮುಂದೆ ಬಂತು, ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಚೆಂಡು ಮುಖದ ಕಡೆ ಬರುತ್ತಿಲ್ಲ, ಭುಜದಾಚೆ ಹೋಗುತ್ತಿದೆ ಎಂದಾದಾಗ, ಅದೇ ಕೈ ಒಂದು ಗೇಣು ಹೊರಕ್ಕೆ ಸರಿದು ಚೆಂಡನ್ನು ತಡೆಯಿತು.

ಚಿತ್ರದ ಜೊತೆ ಸನಾದಿಯೂ ನಿಧಾನವಾಗಿ ಎಳೆಎಳೆಯಾಗಿ ಕೇಳಿಸುತ್ತಿತ್ತು.

"ನಿಧಾನ ಮಾಡಿದ್ರ ಹಂಗ ಕಾಣ್ತೈತಿ," ಎಂದರು ಮೇಷ್ಟ್ರು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. "ಇವನೇ ನಿನ್ನಿ ಅಂದನಲ್ಲ, ಎಲ್ಲಾರೂ ಕಳ್ಳರಂಗ ಕಾಣ್ತಾರಂತ."

"ಇಲ್ಲ ಸಾರ್," ಎಂದ ದುರ್ಗೇಶ್. "ಕೈ ತಾನಾಗಿ ಹೋಗಿಲ್ಲ. ನಾನೇ ಒಯ್ದೆ. ಗೋಲ್ ಆಗ್ತೈತಿ ಅಂತ ಗೊತ್ತಾತು, ಒಯ್ದೆ. ಬಸವಣ್ಣನ್ನ ಮುಟ್ಟಿ ಸುಳ್ಳು ಹೇಳಿದೆ."

ಹುಲುಗಪ್ಪ ಮೇಷ್ಟ್ರು ರಿಮೋಟನ್ನು ಪಕ್ಕಕ್ಕೆ ಇಟ್ಟರು. ಮೂವತ್ತು ವರ್ಷಕ್ಕೂ ಮೇಲೆ ಸರಿಯೆಂದು ಎದೆಯಲ್ಲಿ ಇಟ್ಟುಕೊಂಡಿದ್ದ ತೀರ್ಪು ಅದು. ಆಮೇಲೆ ಎದ್ದು ನಿಂತರು. ಬೆನ್ನು ಬಾಗಿದ್ದರೂ ತೋಳು ಉದ್ದಕ್ಕೆ ಚಾಚಿ ನೆಲದ ಮೇಲೊಂದು ಜಾಗ ತೋರಿಸಿದರು.

"ಹಂಗಾದ್ರ ಪೆನಾಲ್ಟಿ," ಎಂದರು.

ವಾಲ್ಮೀಕಿ ತನ್ನ ಕಾಲು ನೋಡಿಕೊಂಡ. "ಈ ಕಾಲಿಲೆ ಹೊಡೀಲೇನು ಸಾರ್?" ಎಂದು ಕೇಳಿ ನಗತೊಡಗಿದ. ಸರೋಜಾ ನಕ್ಕಳು, ಮೇಷ್ಟ್ರೂ ನಕ್ಕರು. ದುರ್ಗೇಶನಿಗೆ ನಗಲಾಗಲಿಲ್ಲ. ಅವನು ಎದ್ದು ಹೊರಗೆ ಕಟ್ಟೆಗೆ ಬಂದು ಕೂತ.

ಸ್ವಲ್ಪ ಹೊತ್ತಿಗೆ ಕೋಲಿನ ಸಪ್ಪಳ ಕೇಳಿಸಿತು. ವಾಲ್ಮೀಕಿ ಬಂದು ಪಕ್ಕದಲ್ಲಿ ನಿಧಾನಕ್ಕೆ ಇಳಿದು ಕೂತ.

"ಕೈಗೆ ಬಡಿದಿದ್ದು ನನಗೂ ಗೊತ್ತಿತ್ತು ಬಿಡು. ಆಣಿ ಮಾಡಾಗ ಎಡಗೈ ಹಿಂದಕ್ಕ ಮುಚ್ಕಂಡಿದ್ದಿ. ಅದು ಸಿಟ್ಟು ಒಂದೆರಡು ವರ್ಷ ಇತ್ತು, ಹೋತು." ಅವನು ತಡೆದು ಹೇಳಿದ: "ಆಸ್ಪತ್ರ್ಯಾಗ ಮೂರು ತಿಂಗಳು ಇದ್ದೆಲೇ ದುರ್ಗ್ಯಾ. ಬಾಗಿಲು ಸಪ್ಪಳ ಆದಾಗೆಲ್ಲಾ ನೀನೇ ಅಂತ ನೋಡ್ತಿದ್ದೆ."

ದುರ್ಗೇಶ್ ಗೆಳೆಯನ ಗಡುಸು ಮೊಣಕಾಲಿನ ಮೇಲೆ ಕೈ ಇಟ್ಟ. "ಅರ್ಧ ದಾರಿಗೆ ಬಂದು ತಿರುಗಿ ಹೋದೆ," ಎಂದ. "ತಪ್ಪಾತು."

ವಾಲ್ಮೀಕಿ ತಲೆ ಆಡಿಸಿದ. ಆ ಕೈಯನ್ನು ಸರಿಸಲಿಲ್ಲ.

ಒಳಗಿನಿಂದ ಸರೋಜಾ ಕೂಗಿದಳು: "ರೀ, ಆ ಓಡಾದು ಇನ್ನೊಮ್ಮಿ ಹಾಕಿಸ್ತೀನಿ, ಬರ್ರಿ!" ಇಬ್ಬರೂ ಒಳಗೆ ಹೋದರು. ಮೇಷ್ಟ್ರು ಅದನ್ನು ನಾಲ್ಕು ಸಲ ಹಾಕಿದರು. ಕೊನೆಯ ಸಲ ಸರೋಜಾ ತನ್ನ ಫೋನಿನಲ್ಲಿ ಅದನ್ನು ತೆಗೆದುಕೊಂಡಳು. ಟಿ.ವಿ.ಯ ಗಾಜಿನಲ್ಲಿ ಕಿಟಕಿಯ ಬೆಳಕು ಬಿದ್ದು ಅರ್ಧ ಕಾಣಲಿಲ್ಲ. ಆದರೂ ಸಾಕು ಎಂದಳು. ಮೇಷ್ಟ್ರ ಮನೆಯಲ್ಲೇ ಊಟವಾಯಿತು. ಊಟದ ನಡುವೆ ನಿನ್ನೆಯ ಪಂದ್ಯದ ಮಾತು ಎದ್ದಿತು.

"ನಿನ್ನಿದೂ ಪೆನಾಲ್ಟೀನೇ," ಎಂದ ವಾಲ್ಮೀಕಿ, ರೊಟ್ಟಿ ಮುರಿಯುತ್ತ. "ಅದಕ್ಕ ವಿಡಿಯೋ ಬೇಕು ಅನ್ನಾದು."

"ಏ, ಅದು ಹೆಂಗ ಆಗ್ತೈತಿ? ನನ್ನ ಕೈ ಸರಿದಿತ್ತು. ಅವನ ಕೈ ನೆಲದ ಮ್ಯಾಲಿತ್ತು. ಅವ ಬೀಳ್ತಿದ್ದ!"

"ನೆಲದ ಮ್ಯಾಲಿದ್ರೂ ಕೈ ಕೈನೇ."

"ಸಾರ್, ನೀವ ಹೇಳ್ರಿ."

"ನಾ ಇನ್ನ ಮ್ಯಾಲೆ ತೀರ್ಪು ಕೊಡಾದಿಲ್ಲ," ಎಂದರು ಮೇಷ್ಟ್ರು. "ಉಣ್ರಿ."

ನಾಲ್ಕು ಗಂಟೆಗೆ ಮೂವರೂ ಬಸ್‌ಸ್ಟ್ಯಾಂಡಿಗೆ ಬಂದರು. ಬಳ್ಳಾರಿಯ ಬಸ್ಸು ಎದುರಿಗೇ ನಿಂತಿತ್ತು. ದುರ್ಗೇಶ್ ಅದರ ಕಡೆ ನೋಡಲಿಲ್ಲ. ಸಿರುಗುಪ್ಪದ ಬಸ್ಸು ಬಂದಾಗ ವಾಲ್ಮೀಕಿಯನ್ನು ರಟ್ಟೆ ಹಿಡಿದು ಹತ್ತಿಸಿ, ತಾನೂ ಹಿಂದಿನಿಂದ ಹತ್ತಿದ.

"ನೀ ಎಲ್ಲಿಗಲೇ?" ಎಂದ ವಾಲ್ಮೀಕಿ.

"ನಿಮ್ಮ ಮನಿಗೆ. ಸರೋಜಮ್ಮ ಅಂಬಲಿ ಹಾಕಿದ್ರೂ ನಡೀತೈತಿ."

"ಬರ್ರಿ ಅಣ್ಣಾ," ಎಂದಳು ಸರೋಜಾ, ಕಿಟಕಿಯ ಕಡೆ ಸರಿದು ಗಂಡನಿಗೆ ಜಾಗ ಮಾಡಿ, ಹಿಂದಿನ ಸೀಟು ತೋರಿಸುತ್ತ.

ಬಸ್ಸು ಹೊರಟ ಮೇಲೆ ದುರ್ಗೇಶ್ ಜಯಶ್ರೀಗೆ ಫೋನು ಮಾಡಿದ. "ಸಿರುಗುಪ್ಪಕ್ಕ ಹೊಂಟೀನಿ. ನಾಳಿ ಮುಂಜಾನಿ ಬರ್ತೀನಿ. ಇಲ್ಲ, ಏನೂ ಆಗಿಲ್ಲ. ಗೆಳೆಯನ ಮನಿ. ಬಂದ ಮ್ಯಾಲೆ ಎಲ್ಲಾ ಹೇಳ್ತೀನಿ." ಫೋನು ಇಡುವಷ್ಟರಲ್ಲಿ ಮುಂದಿನ ಸೀಟಿನಿಂದ ವಾಲ್ಮೀಕಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದ. ಕೋಲನ್ನು ಕೈಯ ಹಾಗೆ ಸೀಟಿಗೆ ಊರಿ ತೋರಿಸುತ್ತ ಕೇಳಿದ:

"ಈಗ ಹೇಳು. ಚೆಂಡು ಹಿಂದಿನಿಂದ ಬಂತಂದ್ಯಲ್ಲ. ಮೊಣಕೈಗೆ ಬಡೀತೋ, ಮುಂಗೈಗೋ?"

"ಮೊಣಕೈಗೆ. ಅದೂ ಸವರಿಕಂಡು ಹೋತು," ಎಂದು ದುರ್ಗೇಶ್ ಮುಂದಕ್ಕೆ ಬಾಗಿದ. ಗದ್ದೆಗಳ ನಡುವೆ ಬಸ್ಸು ಸಿರುಗುಪ್ಪದ ಕಡೆ ಓಡುತ್ತಿತ್ತು. ಟಿಕೆಟ್ ಕೊಡಲು ಬಂದ ಕಂಡಕ್ಟರು ಅವರ ಜಗಳ ಮುಗಿಯಲೆಂದು ಸ್ವಲ್ಪ ಹೊತ್ತು ಕಾದ. ಅದು ಮುಗಿಯುವ ಹಾಗೆ ಕಾಣಲಿಲ್ಲ. ಹಿಂದಿನ ಸೀಟಿಗೆ ಹೋದ.